ಲೀಗ್ ಅಂಗಳದಿಂದ ಟೆಸ್ಟ್ ಅಂಗಳಕ್ಕೆ: ಬೆಂಗಳೂರಿನ ಕ್ರಿಕೆಟ್ ಅಂಪೈರುಗಳ ಏಳಿಗೆಯ ಹಾದಿ

ಕ್ರೀಡಾ ಚರಿತ್ರೆಯು ಬಹುಮಟ್ಟಿಗೆ ಆಟಗಾರರ ಚರಿತ್ರೆಯೇ ಆಗಿದೆ. ದಿನವಿಡೀ ಅದೇ ಅಂಗಳದಲ್ಲಿ ನಿಂತು ತೀರ್ಪು ನೀಡುವ ಅಂಪೈರು ಕೆಳಹಂತದಿಂದ ಮೇಲಣ ಪಂದ್ಯಗಳಿಗೆ ಏರಿದ ಬಗೆಯೂ ವಿಚಾರಾರ್ಹವಾದುದು. ಬೆಂಗಳೂರಿನ ಮಟ್ಟಿಗೆ ಈ ಏರಿಕೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು.

ಮೊದಲ ಘಟ್ಟದಲ್ಲಿ ಆಟದ ಅನುಭವ ಹಾಗೂ ಮನೆತನದ ಪರಂಪರೆಗಳು ಎದ್ದು ಕಾಣುತ್ತವೆ. ಮೈಸೂರು ತಂಡದ ಆಟಗಾರರಾಗಿದ್ದ ಎಂ.ಜಿ. ವಿಜಯಸಾರಥಿ ೧೯೫೧ರಿಂದ ೧೯೬೦ರವರೆಗೆ ೧೩ ಟೆಸ್ಟ್‌ಗಳಲ್ಲಿ ಅಂಪೈರಾಗಿದ್ದರು. ೧೯೬೦-೬೧ರಲ್ಲಿ ಬೆಂಗಳೂರಿನಲ್ಲಿ ನಡೆದ ಮೈಸೂರು-ಆಂಧ್ರ ರಣಜಿ ಪಂದ್ಯದಲ್ಲಿ ಅವರೂ ಅವರ ಪುತ್ರ ಎಂ.ವಿ. ನಾಗೇಂದ್ರರೂ ಜೊತೆಯಾಗಿ ತೀರ್ಪುಗಾರರಾದರು. ಮುಂದೆ ನಾಗೇಂದ್ರರೂ ಟೆಸ್ಟ್ ಅಂಪೈರಾದರು.

ಎರಡನೆಯ ಘಟ್ಟದ ಪ್ರತಿನಿಧಿ ಕರ್ನಾಟಕದ ಮಾಜಿ ಆಟಗಾರ ಎ.ವಿ. ಜಯಪ್ರಕಾಶ್. ೧೯೯೭ರಿಂದ ೨೦೦೨ರವರೆಗೆ ಅವರು ೧೩ ಟೆಸ್ಟ್‌ಗಳಲ್ಲಿ ಕಾರ್ಯನಿರ್ವಹಿಸಿದರು. ೧೯೯೯ರ ಫೆಬ್ರುವರಿ ೭ರಂದು ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ೭೪ ರನ್ನಿಗೆ ಪಡೆದಾಗ ಅಂಪೈರುಗಳು ಜಯಪ್ರಕಾಶ್ ಮತ್ತು ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್. ಒಬ್ಬ ಸ್ಥಳೀಯ, ಒಬ್ಬ ತಟಸ್ಥ ಎಂಬ ಅಂದಿನ ಪದ್ಧತಿಗೆ ಇದು ನಿದರ್ಶನ. ೨೦೦೨ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಯು ಎಲೈಟ್ ಸಮಿತಿಯನ್ನು ರಚಿಸಿ, ಟೆಸ್ಟ್‌ನ ಇಬ್ಬರೂ ಅಂಪೈರುಗಳು ತಟಸ್ಥರಾಗಿರಬೇಕೆಂದಿತು. ಇದರಿಂದ ಪಕ್ಷಪಾತದ ಆರೋಪ ತಗ್ಗಿತಾದರೂ, ತವರಿನ ಟೆಸ್ಟ್‌ನ ಬಾಗಿಲು ಸ್ಥಳೀಯ ಅಂಪೈರುಗಳಿಗೆ ಮುಚ್ಚಿತು. ಕೋವಿಡ್ ನಿಮಿತ್ತ ೨೦೨೦ರಲ್ಲಿ ನಿಯಮ ಸಡಿಲಗೊಂಡುದರಿಂದಲೇ ೨೦೨೧ರ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ ಭಾರತೀಯ ಅಂಪೈರುಗಳು ತವರಿನಲ್ಲಿ ನಿಲ್ಲುವಂತಾಯಿತು.

ಮೂರನೆಯದು ಪರೀಕ್ಷೆಗಳ ಘಟ್ಟ. ಜೀವ ವಿಮಾ ನಿಗಮದ ವಸತಿಗಳಿಂದ ಹೆಸರು ಪಡೆದ ಜೀವನ್ ಬಿಮಾ ನಗರದಂತಹ ಬಡಾವಣೆಯ ತರುಣನೊಬ್ಬ, ರಣಜಿ ಆಡದವನಾದರೂ, ಇಂದು ಈ ಹಾದಿ ಹಿಡಿಯಬಹುದು. ರಾಜ್ಯ ಸಂಸ್ಥೆಯ ಪರೀಕ್ಷೆ, ಲೀಗ್ ಪಂದ್ಯಗಳ ಅನುಭವ, ತರುವಾಯ ಭಾರತೀಯ ಕ್ರಿಕೆಟ್ ಮಂಡಳಿಯ ಪರೀಕ್ಷೆ ಇದರ ಮೆಟ್ಟಿಲುಗಳು. ೨೦೨೨ರಲ್ಲಿ ಅಹಮದಾಬಾದಿನಲ್ಲಿ ಮಂಡಳಿಯು ಮಹಿಳಾ ಹಾಗೂ ಕಿರಿಯರ ಪಂದ್ಯಗಳಿಗಾಗಿ ನಡೆಸಿದ ಪರೀಕ್ಷೆಯ ಒಟ್ಟು ಅಂಕ ೨೦೦. ಲಿಖಿತಕ್ಕೆ ೧೦೦, ಮೌಖಿಕ ಮತ್ತು ದೃಶ್ಯ ಪರೀಕ್ಷೆಗಳಿಗೆ ತಲಾ ೩೫, ದೈಹಿಕ ಕ್ಷಮತೆಗೆ ೩೦. ೯೦ ಅಂಕ ಪಡೆದರೆ ತೇರ್ಗಡೆ. ಸುಮಾರು ೧೪೦ ಅಭ್ಯರ್ಥಿಗಳಲ್ಲಿ ಆಯ್ಕೆಯಾದವರು ಮೂವರು ಮಾತ್ರ. ಪಿಚ್ಚಿನ ಮೇಲೆ ಮರದ ಅಥವಾ ಫೀಲ್ಡರನ ನೆರಳು ಬಿದ್ದು ಬ್ಯಾಟ್ಸ್‌ಮನ್ ದೂರಿದರೆ ಏನು ಮಾಡಬೇಕೆಂಬುದು ಅಲ್ಲಿನ ಪ್ರಶ್ನೆಗಳಲ್ಲೊಂದು. ಮರದ ನೆರಳನ್ನು ಗಣಿಸಬೇಕಿಲ್ಲ. ಫೀಲ್ಡರನು ಮಾತ್ರ ಅಲುಗದೆ ನಿಲ್ಲಬೇಕು. ನಿಯಮವನ್ನು ಕಂಠಪಾಠ ಮಾಡಿದವನಿಗಿಂತ ಅಂಗಳದಲ್ಲಿ ಬಹುಕಾಲ ನಿಂತವನಿಗೆ ಇಂತಹ ಉತ್ತರ ಬೇಗ ಹೊಳೆಯುತ್ತದೆ.

ಒಟ್ಟಿನಲ್ಲಿ, ಪರೀಕ್ಷಾ ಪದ್ಧತಿಯು ಮೊದಲ ಮೆಟ್ಟಿಲನ್ನು ಎಲ್ಲರಿಗೂ ತೆರೆದರೆ, ತಟಸ್ಥ ನಿಯಮವು ಕೊನೆಯ ಮೆಟ್ಟಿಲನ್ನು ಎತ್ತರಿಸಿತು. ಇವೆರಡರ ನಡುವಿನ ಅಂತರವನ್ನು ತುಂಬುವ ಹೊಣೆ ಸ್ಥಳೀಯ ಲೀಗ್ ಪಂದ್ಯಗಳ ಮೇಲಿದೆ.