ಬೆಳಕು ತಿರುಗಿಸಿದ ವಜ್ರ

ಕಾಪು ಬೀಚಿಗೆ ಹೋದಾಗ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲನ್ನು ನಿಧಾನಕ್ಕೆ ತಿರುಗಿಸಿ ನೋಡಿ. ಬಹಳಷ್ಟು ಮೊಬೈಲುಗಳ ಪರದೆ ಒಂದು ಕೋನದಲ್ಲಿ ಕಪ್ಪಾಗುತ್ತದೆ. ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಕನ್ನಡಕ ಅದಕ್ಕೆ ಅಡ್ಡವಾದಾಗ ಒಳಗೆ ಬಿಡುವುದಿಲ್ಲ, ಅಷ್ಟೇ.

ಈ ಕಂಪನದ ದಿಕ್ಕನ್ನು ಅಯಸ್ಕಾಂತವೂ ತಿರುಗಿಸಬಲ್ಲದು! 1845ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಇದನ್ನು ಕಂಡವರು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಕಲಿತವರು. ಸೀಸ ಬೆರೆತ ಗಾಜನ್ನು ಅಯಸ್ಕಾಂತದ ಬಳಿಯಿಟ್ಟು ಬೆಳಕು ಹಾಯಿಸಿದ್ದರು. ಆಮೇಲೆ ಫ್ರಾನ್ಸಿನ ಎಮಿಲ್ ವರ್ಡೆ ಒಂದೊಂದು ಬಣ್ಣವನ್ನೂ ಬೇರೆ ಮಾಡಿ ಅಳೆದರು. ಕೆಂಪಿಗಿಂತ ನೀಲಿ ಹೆಚ್ಚು ತಿರುಗುತ್ತದೆ. ತರಂಗದೂರ, ಅಂದರೆ ಬೆಳಕಿನ ಅಲೆಯ ಉದ್ದ, ಅರ್ಧವಾದರೆ ತಿರುವು ಸುಮಾರು ನಾಲ್ಕು ಪಟ್ಟು. ‘ಸುಮಾರು’ ಮಾತ್ರ. 1897ರಲ್ಲಿ ಆನ್ರಿ ಬೆಕೆರೆಲ್ ಇದಕ್ಕೊಂದು ಲೆಕ್ಕ ಕೊಟ್ಟರು: ವಸ್ತುವೊಂದು ಬಣ್ಣಗಳನ್ನು ಎಷ್ಟು ಬೇರೆ ಬೇರೆಯಾಗಿ ಬಾಗಿಸುತ್ತದೆ ಎಂದು ಗೊತ್ತಿದ್ದರೆ ತಿರುವನ್ನೂ ಹೇಳಬಹುದು.

ಆ ಲೆಕ್ಕವನ್ನು ವಜ್ರದ ಮೇಲೆ ಪರೀಕ್ಷಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡುತ್ತಿದ್ದ ಎಸ್. ರಾಮಶೇಷನ್ 1946ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗ ಅವರಿಗೆ 23ರ ಆಸುಪಾಸು. ವಜ್ರದ ತೆಳು ಚೂರಿನಲ್ಲಿ ತಿರುವು ಅತಿ ಸಣ್ಣದು. ಹರಳಿನೊಳಗೆ ಬಿಗಿತವಿದ್ದರೆ ಅದೂ ಅಳತೆ ಕೆಡಿಸುತ್ತದೆ. ಆದರೂ ಅಳೆದರು. ಉಪ್ಪಿನಂಥ ಹರಳುಗಳಲ್ಲಿ ಲೆಕ್ಕಕ್ಕೂ ಅಳತೆಗೂ ಅಷ್ಟು ದೂರವಿಲ್ಲ. ವಜ್ರದಲ್ಲಿ ಮಾತ್ರ ಅಳತೆ ಬಹಳ ಕಡಿಮೆ ಬಂತು. ವಜ್ರದಲ್ಲಿ ಎಲೆಕ್ಟ್ರಾನುಗಳನ್ನು ಅಕ್ಕಪಕ್ಕದ ಪರಮಾಣುಗಳು ಹಂಚಿಕೊಂಡಿರುತ್ತವೆ. ಆ ಬಂಧದ ಸುಳಿವು ಬೆಳಕಿನ ತಿರುವಿನಲ್ಲೂ ಸಿಕ್ಕಿತು.

ಪಿಯುಸಿ ಲ್ಯಾಬಿನಲ್ಲಿ ಸೋಡಿಯಂ ದೀಪದ ಹಳದಿ ಬೆಳಕು ನೋಡಿದಾಗ ನಮಗೆ ಈ ಕಥೆ ಯಾರೂ ಹೇಳಲಿಲ್ಲ. ಪರೀಕ್ಷೆಗೆ ಬರುವುದಿಲ್ಲವಲ್ಲ! ಫಿಸಿಕ್ಸ್ ಎಂದರೆ ವಿದೇಶದ ಹೆಸರುಗಳು ಎಂದೇ ಕಾರ್ಕಳದಿಂದ ಮಣಿಪಾಲಕ್ಕೆ ಬಸ್ ಹತ್ತಿದ್ದೆ.

“ಇದರಿಂದ ಏನು ಉಪಯೋಗ?” ಎಂದು ಕೇಳುವವರಿಗೆ ಉತ್ತರ ಕೈಯಲ್ಲೇ ಇದೆ. ಇಂಟರ್ನೆಟ್ ಸಾಗುವ ದೂರದ ಫೈಬರ್ ಲೈನುಗಳಲ್ಲಿ ಬೆಳಕು ಹಿಂದಕ್ಕೆ ಬಂದು ಲೇಸರನ್ನು ಕೆಡಿಸಬಾರದು. ಅದಕ್ಕೊಂದು ಪುಟ್ಟ ಹರಳು, ಜೊತೆಗೆ ಅಯಸ್ಕಾಂತ. ಹೋಗುವಾಗ ಬೆಳಕು 45 ಡಿಗ್ರಿ ತಿರುಗುತ್ತದೆ. ವಾಪಸ್ ಬರುವಾಗ ಆ ತಿರುವು ಬಿಚ್ಚಿಕೊಳ್ಳುವುದಿಲ್ಲ, ಅದೇ ಕಡೆಗೆ ಇನ್ನೂ 45 ತಿರುಗಿ ಒಟ್ಟು 90 ಆಗುತ್ತದೆ, ಬಾಗಿಲು ಮುಚ್ಚುತ್ತದೆ. ಕೂಲಿಂಗ್ ಗ್ಲಾಸಿನಲ್ಲಿ ಪರದೆ ಕಪ್ಪಾದ ಹಾಗೆಯೇ. ಆದರೆ 1550 ನ್ಯಾನೋಮೀಟರ್ ಬೆಳಕಿಗೆ ಹೊಂದಿಸಿದ ಹರಳು 1310ಕ್ಕೆ ಸರಿಯಾಗಿ ತಿರುಗಿಸುವುದಿಲ್ಲ. ಹಾಗಾಗಿ ಯಾವ ತರಂಗದೂರಕ್ಕೆ ಎಷ್ಟು ತಿರುವು ಎಂದು ಇವತ್ತಿಗೂ ಕೂತು ಅಳೆಯಲೇಬೇಕು.