ಯಾರ ಕೈಯ ಮೊಳ

ಕಳೆದ ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದ ನನ್ನ ತಮ್ಮನ ಮಗಳು ರಾತ್ರಿ ಊಟಕ್ಕೆ ಏಳಲಿಲ್ಲ. ಮಧ್ಯಾಹ್ನವೂ ಎಲೆಯಲ್ಲಿ ಅರ್ಧ ಹೋಳಿಗೆ ಬಿಟ್ಟು ಎದ್ದಿದ್ದಳು. ಕರೆದರೆ "ಹಸಿವಿಲ್ಲ ಅತ್ತೆ" ಅಂದಳು. ಹತ್ತೊಂಬತ್ತು ವರ್ಷದ ಹುಡುಗಿ ಹಬ್ಬದ ದಿನ ಹಸಿವಿಲ್ಲ ಎಂದರೆ ನಂಬುವಷ್ಟು ದಡ್ಡಿ ನಾನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಬ್ಯಾಗಿನಿಂದ ಒಂದು ಜೀನ್ಸ್ ಪ್ಯಾಂಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಹೋದ ವರ್ಷ 30ರ ನಂಬರಿನದು ಸರಿಯಾಗಿತ್ತಂತೆ. ಈ ವರ್ಷ ಅದೇ 30 ಕೇಳಿ ಕೊಂಡದ್ದು ಸೊಂಟಕ್ಕೇ ಏರಲಿಲ್ಲ. ಬದಲಾಯಿಸಲು ಹೋದಾಗ ಅಂಗಡಿಯವರು ನಾಲ್ಕು ಜನರ ಎದುರಿಗೆ, "ದಪ್ಪ ಆಗಿದೀರಿ, 32 ತಗೊಳ್ಳಿ" ಅಂದರಂತೆ. ಅಂದಿನಿಂದ ಹುಡುಗಿ ಹಾಸ್ಟೆಲ್ಲಿನಲ್ಲಿ ರಾತ್ರಿ ಊಟ ಬಿಟ್ಟಿದ್ದಳು.

ನಾನು ಹೆಚ್ಚು ಮಾತಾಡಲಿಲ್ಲ. ಅವ್ವನ ಕಾಲದ ಟೇಪು ಹುಡುಕಿ ತಂದೆ. ಅವಳ ಹಳೆಯ ಪ್ಯಾಂಟನ್ನೂ ತರಿಸಿ, ಎರಡನ್ನೂ ಜಮಖಾನದ ಮೇಲೆ ಹಾಸಿ ಸೊಂಟ ಅಳೆದೆವು. ಹಳೆಯದು 33 ಇಂಚು, ಹೊಸದು 31. ಎರಡರ ಮೇಲೂ ಅಚ್ಚಾಗಿದ್ದದ್ದು 30! "ನೋಡು ಪುಟ್ಟಿ, ದಪ್ಪ ಆಗಿದ್ದು ನೀನಲ್ಲ, ಸಣ್ಣ ಆಗಿದ್ದು ಈ ಮೂವತ್ತು" ಅಂದೆ. ಅವಳು ನಕ್ಕಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸುಳ್ಳು ಹೇಳಿದ್ದು ಬಟ್ಟೆ, ಉಪವಾಸ ಬಿದ್ದದ್ದು ಮಗು. ಇದೆಂಥ ಅಳತೆ?

ಅಳತೆಯ ಮಾತು ನಮ್ಮ ಕೊಂಡ್ಲಹಳ್ಳಿಗೆ ಹೊಸದೇನೂ ಅಲ್ಲ. ಮೊಳಕಾಲ್ಮೂರು ಸೀಮೆಯ ರೇಷ್ಮೆ ಸೀರೆಯ ಹೆಸರು ಕೇಳದವರು ಕಡಿಮೆ. 2011ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ಅಪ್ಪ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿಯ ಸದ್ದಿನಲ್ಲೇ ನಮ್ಮ ಮಗ್ಗಿ ಬಾಯಿಪಾಠ. ಎರಡು ಗೇಣು ಒಂದು ಮೊಳ, ಎರಡು ಮೊಳ ಒಂದು ಗಜ, ನಾಲ್ಕು ಮೊಳ ಒಂದು ಮಾರು. ಶಾಲೆಗೆ ಸೇರುವ ಮೊದಲೇ ಈ ಲೆಕ್ಕ ನಮಗೆ ಕೈಯಲ್ಲೇ ಬರುತ್ತಿತ್ತು. ಕೈಯಲ್ಲೇ ಎಂದೆ, ಮೊಳ ಎಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗೆ ತಾನೆ?

ಕಚ್ಚೆ ಹಾಕಿ ಉಡುವ ಅಜ್ಜಿಗೆ 18 ಮೊಳದ ಸೀರೆ ಬೇಕು. ಅವ್ವನ ಕಾಲಕ್ಕೆ 16 ಮೊಳ ಬಂತು. ನನ್ನ ಮದುವೆಯ ಹೊತ್ತಿಗೆ ಸೀರೆ ಐದೂವರೆ ಮೀಟರ್ ಆಗಿತ್ತು. 1956ರಲ್ಲಿ ತೂಕ ಮತ್ತು ಅಳತೆಯ ಕಾಯಿದೆ ಬಂದು, ಅರವತ್ತರ ದಶಕದ ಮೊದಮೊದಲಿಗೆ ಮೀಟರು ಹಳ್ಳಿಗಳಿಗೂ ಇಳಿಯಿತು. ಲೆಕ್ಕ ಹಾಕಿ ನೋಡಿದರೆ ಐದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ 6 ಗಜ, ಅಂದರೆ 12 ಮೊಳ. ಮೀಟರು ಬಂದರೂ ಒಳಗೆ ಉಸಿರಾಡುತ್ತಿದ್ದದ್ದು ಹಳೆಯ ಮೊಳವೇ. ಮೂರು ತಲೆಮಾರಿನಲ್ಲಿ ಸೀರೆ 6 ಮೊಳ ಕುಗ್ಗಿತು. ಆದರೆ ಅದರಿಂದ ಯಾವ ಹೆಂಗಸೂ ತಾನು ದಪ್ಪವಾದೆನೆಂದು ಉಪವಾಸ ಮಾಡಲಿಲ್ಲ. ಕುಗ್ಗಿದ್ದು ಬಟ್ಟೆ ಎಂಬುದು ಕಣ್ಣಿಗೆ ಕಾಣುತ್ತಿತ್ತಲ್ಲ!

ಮೊಳದಲ್ಲಿ ಮೋಸವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸಂತೆಯಲ್ಲಿ ಹೂ ಮಾರುವವರು ಇಂದಿಗೂ ಮೊಳದ ಲೆಕ್ಕದಲ್ಲಿ ಕೊಡುತ್ತಾರೆ, ಒಬ್ಬೊಬ್ಬರ ಮೊಳ ಒಂದೊಂದು ಉದ್ದ. ಅದಕ್ಕೇ ಅವ್ವ, "ಗಿಡ್ಡ ಕೈಯೋಳ ಹತ್ರ ಹೋಗಬ್ಯಾಡ, ಉದ್ದ ಕೈಯೋಳ ಹತ್ರ ತಗಂಬಾ" ಎಂದು ಹೇಳಿ ಕಳಿಸುತ್ತಿದ್ದಳು. ಆ ಅಳತೆ ಸಮನಲ್ಲ, ಆದರೆ ಅಳೆಯುವ ಕೈ ನಮ್ಮ ಕಣ್ಣೆದುರಿಗಿತ್ತು. ಬೇಡವೆಂದರೆ ನಮ್ಮ ಕೈಯಿಂದಲೇ ಅಳೆದು ಜಗಳ ಮಾಡಬಹುದಿತ್ತು. ಪ್ಯಾಂಟಿನ ಮೇಲಿನ 30 ಯಾರ ಕೈಯ ಮೊಳ? ಆ ಕೈಯನ್ನು ನೋಡಿದವರು ಯಾರು?

ಸೀರೆಗೆ ಹೆಂಗಸಿನ ಅಳತೆ ಬೇಡ, ಬೇಕಾದದ್ದು ಕುಪ್ಪಸಕ್ಕೆ. ಅಲ್ಲೂ ನಮ್ಮ ಹಿರಿಯರು ಒಂದು ಉಪಾಯ ಮಾಡಿಕೊಂಡಿದ್ದರು. ಅಜ್ಜಿ ತೊಡುತ್ತಿದ್ದದ್ದು ಮುಂದೆ ಗಂಟು ಹಾಕುವ ಕುಪ್ಪಸ. ಬಸುರಿಯಾದರೆ, ಬಾಣಂತಿಯಾದರೆ, ಬರಗಾಲಕ್ಕೆ ಸೊರಗಿದರೆ ಗಂಟು ಅಷ್ಟಷ್ಟೇ ಜರುಗುತ್ತಿತ್ತು. ಮಡಿಲಿಗೆ ಅಕ್ಕಿ ಹಾಕುವಾಗ ಕೊಡುವ ರವಿಕೆ ಕಣವನ್ನು ನೋಡಿ: ಎದುರಿಗೆ ಕೂತವಳ ಮೈ ಎಂಥದೆಂದು ಯಾರೂ ಕೇಳುವುದಿಲ್ಲ. ಗೌಡರ ಸೊಸೆಗೂ ಕೂಲಿಯವಳಿಗೂ ಅದೇ ತುಂಡು. ಹೊಲಿಗೆ ಯಂತ್ರ ಬಂದಮೇಲೆ ಗಂಟು ಹೋಗಿ ಹುಕ್ಕು ಬಂತು, ಜಂಪರು ಬಂತು. ಉಷಾ ಯಂತ್ರಗಳು ಕಲ್ಕತ್ತೆಯಲ್ಲಿ ತಯಾರಾಗತೊಡಗಿದ್ದು 1930ರ ದಶಕದಲ್ಲಿ. ನಮ್ಮ ಕೇರಿಗೆ ಮೊದಲ ಯಂತ್ರ ಬಂದದ್ದು ನಾನು ಲಂಗ ತೊಡುವ ವಯಸ್ಸಿನಲ್ಲಿ.

ದರ್ಜಿ ಗಂಡಸು. ಅವನು ಹೆಂಗಸರ ಮೈಗೆ ಟೇಪು ಹಿಡಿಯುವಂತಿರಲಿಲ್ಲ. ಅದಕ್ಕೇ ಹುಟ್ಟಿದ್ದು ಅಳತೆ ಕುಪ್ಪಸ. ಮೈಗೆ ಚೆನ್ನಾಗಿ ಕೂತ ಹಳೆಯ ಕುಪ್ಪಸವೊಂದನ್ನು ಹೊಸ ಬಟ್ಟೆಯ ಜೊತೆ ಸುತ್ತಿ ಕಳಿಸುವುದು. ಅದನ್ನು ನೋಡಿಕೊಂಡು ಅವನು ಕತ್ತರಿಸುವುದು. ಅವ್ವ ನನ್ನ ಕೈಯಲ್ಲಿ ಗಂಟು ಕೊಟ್ಟು, "ಒಳಗೆ ನಾಕು ಬೆರಳು ಬಟ್ಟೆ ಬಿಡಾಕೆ ಹೇಳು" ಎಂದು ಮರೆಯದೆ ಹೇಳುತ್ತಿದ್ದಳು. ಮುಂದೆ ಮೈ ತುಂಬಿದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಆ ನಾಲ್ಕು ಬೆರಳು. ನಾಳೆ ಮೈ ಬದಲಾಗುತ್ತದೆ ಎಂಬುದನ್ನು ಬಟ್ಟೆಯೇ ಒಪ್ಪಿಕೊಂಡಿತ್ತು. ಆರು ಹೆತ್ತ ಅವ್ವ ತನ್ನ ಸೈಜು ಎಷ್ಟೆಂದು ತಿಳಿಯದೆಯೇ ಕಾಲವಾದಳು.

ಹಳೆಯದೆಲ್ಲ ಚಿನ್ನವಾಗಿತ್ತೆಂದು ಓದುಗರು ತಿಳಿಯಬಾರದು. ಹಬ್ಬ ಕಳೆದು ವಾರವಾದರೂ ದರ್ಜಿ ಬಟ್ಟೆ ಕೊಡುತ್ತಿರಲಿಲ್ಲ. ಕಂಕುಳು ಕಿತ್ತುಕೊಂಡು ಕೈ ಎತ್ತಲಾಗದ ರವಿಕೆಯಲ್ಲಿ ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಸಿದ್ಧ ಉಡುಪು ಬಂದಮೇಲೆ ನಮ್ಮ ಹುಡುಗಿಯರು ಬಸ್ಸು ಹತ್ತಿದರು, ಸೈಕಲ್ ತುಳಿದರು, ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಂಡರು. ಅದು ಸಣ್ಣ ಮಾತಲ್ಲ. ನನ್ನ ತಕರಾರು ಬಟ್ಟೆಯ ಮೇಲಲ್ಲ, ಅದರ ಮೇಲಿನ ಅಂಕಿಯ ಮೇಲೆ.

ಆ ಅಂಕಿ ಎಲ್ಲಿಂದ ಬರುತ್ತದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ನೆರೆಯ ಬಳ್ಳಾರಿ, ಜೀನ್ಸಿಗೆ ದೇಶದಲ್ಲೇ ಹೆಸರಾದ ಊರು. ಒಂದು ಕಾಲಕ್ಕೆ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಜಾಗ. ದಂಡಿನವರ ಸಮವಸ್ತ್ರ ಹೊಲಿದ ಕೈಗಳೇ ಮುಂದೆ ಜೀನ್ಸಿಗೆ ತಿರುಗಿದವು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಅಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವ ನನ್ನ ಹಳೆಯ ಶಿಷ್ಯೆಯೊಬ್ಬಳನ್ನು ಹಬ್ಬ ಮುಗಿದ ಮೇಲೆ ನೋಡಲು ಹೋದೆ. ಅವಳು ಯಂತ್ರ ನಿಲ್ಲಿಸದೆಯೇ ನನಗೆ ಪಾಠ ಹೇಳಿದಳು. ಬಟ್ಟೆಯನ್ನು ಪದರದ ಮೇಲೆ ಪದರ ಅಟ್ಟಿ ಒಟ್ಟಿಗೆ ಕತ್ತರಿಸುತ್ತಾರೆ. ಅಲಗು ಒಂದಿಷ್ಟು ವಾಲಿದರೂ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ವ್ಯತ್ಯಾಸ. ಹೊಲಿದ ಮೇಲೆ ಒಗೆಯಲು ಹೋಗುತ್ತದೆ. ಒಂದೊಂದು ಥಾನು ಒಂದೊಂದು ರೀತಿ ಕುಗ್ಗುತ್ತದೆ. "ನಂಬರು ನಾವು ಹಾಕೋದಲ್ಲ ಟೀಚರ್, ಲೇಬಲ್ಲು ಕಟ್ಟಿನ ಜೊತೇಲೇ ಬರ್ತೈತೆ. ಹೊಲಿಯಾದಷ್ಟೇ ನಮ್ಮ ಕೆಲಸ" ಅಂದಳು. ದಿನವಿಡೀ 28, 30, 32 ಹೊಲಿಯುವ ಅವಳು ಉಟ್ಟಿದ್ದದ್ದು ನಂಬರಿಲ್ಲದ ಸೀರೆ.

ಕತ್ತರಿ, ಒಗೆತದ ದೋಷ ಅರ್ಧ ಇಂಚು, ಒಂದು ಇಂಚು ಇರಬಹುದು. ಉಳಿದದ್ದು ಕಸುಬಿನ ಬುಡದಲ್ಲೇ ಇದೆ. ಉಡುಪಿನ ಕಂಪನಿ ಮೊದಲು ಒಬ್ಬಳೇ ಹೆಂಗಸಿನ ಮೈಗೆ ನಮೂನೆ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನೇ ಇಷ್ಟಿಷ್ಟು ಹಿಗ್ಗಿಸಿ, ಇಷ್ಟಿಷ್ಟು ಕುಗ್ಗಿಸಿ ಉಳಿದೆಲ್ಲ ಸೈಜು ಮಾಡುತ್ತದೆ. ಒಂದು ಕಂಪನಿಯ ನಮೂನೆಯ ಹೆಂಗಸು ಇನ್ನೊಂದು ಕಂಪನಿಯವಳಲ್ಲ. ಸೊಂಟ ಹಿಗ್ಗಿದಷ್ಟೇ ತೋಳೂ ಹಿಗ್ಗಬೇಕೆಂದು ದೇವರು ಬರೆದಿಲ್ಲ. ನಮೂನೆ ಮಾತ್ರ ಹಾಗೆ ಬರೆದುಕೊಂಡಿರುತ್ತದೆ.

ಈ ಗೋಜಲಿನ ಬೇರು ಹುಡುಕಿದರೆ ಅಮೆರಿಕಕ್ಕೆ ಮುಟ್ಟುತ್ತೇವೆ. 1861ರಿಂದ 1865ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಲಕ್ಷಾಂತರ ಸೈನಿಕರಿಗೆ ಸಮವಸ್ತ್ರ ಬೇಕಾಯಿತು. ಆ ಅಳತೆಗಳಿಂದ ಗಂಡಸರ ಸಿದ್ಧ ಉಡುಪಿಗೆ, ಎದೆಯ ಸುತ್ತನ್ನು ಹಿಡಿದುಕೊಂಡು, ಒಂದು ದಾರಿ ಸಿಕ್ಕಿತು. ಹೆಂಗಸರನ್ನು ಸರ್ಕಾರ ಅಳೆದದ್ದು 1939–40ರಲ್ಲಿ. ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಅವರ ಮುಂದಾಳುತನದಲ್ಲಿ ಸುಮಾರು 15,000 ಹೆಂಗಸರ ಮೈಯಲ್ಲಿ ಒಬ್ಬೊಬ್ಬರಿಗೆ 59 ಅಳತೆ ತೆಗೆದರು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಅದನ್ನು ಆಧರಿಸಿ 1958ರಲ್ಲಿ ಒಂದು ಮಾನಕ ಬಂತು. ವ್ಯಾಪಾರಿಗಳು ಅದನ್ನು ಪಾಲಿಸಲೇಬೇಕೆಂದಿರಲಿಲ್ಲ. 1983ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಅಂಗಡಿಯವರಿಗೆ ಒಂದು ಗುಟ್ಟು ಗೊತ್ತಾಗಿತ್ತು. ದೊಡ್ಡ ಬಟ್ಟೆಯ ಮೇಲೆ ಸಣ್ಣ ಅಂಕಿ ಬರೆದರೆ ತೊಟ್ಟವಳು ಹಿಗ್ಗುತ್ತಾಳೆ, ಕೊಳ್ಳುತ್ತಾಳೆ. ಹೀಗೆ ಹಿಗ್ಗಿಸುತ್ತ ಹಿಗ್ಗಿಸುತ್ತ ಅಲ್ಲಿ 1958ರ 16ನೇ ನಂಬರಿನ ಉಡುಪು ಈಗಿನ 8ಕ್ಕೆ ಹತ್ತಿರವಾಗಿದೆ. ಮೊದಲು ಹೊಗಳಿಕೆಯ ಸುಳ್ಳು. ಆ ಸುಳ್ಳಿಗೆ ಒಗ್ಗಿಕೊಂಡವಳು ಇನ್ನೊಂದು ಅಂಗಡಿಗೆ ಹೋದಾಗ ಅದೇ ಸುಳ್ಳು ಬೈಗುಳವಾಗಿ ತಿರುಗುತ್ತದೆ. ನಮ್ಮ ಹುಡುಗಿಗೆ ಆದದ್ದು ಅದೇ. ಹಳೆಯ ಪ್ಯಾಂಟು ಅವಳನ್ನು ಮೂರು ಇಂಚು ಹೊಗಳಿತ್ತು.

ಅಳತೆ ಎಂದರೆ ಕೊಡುವವನೂ ಕೊಳ್ಳುವವನೂ ಒಪ್ಪಿದ ಮಾತು. ಅದು ನಾಲ್ಕು ಜನರಿಗೆ ಕಾಣುವಂತಿರಬೇಕು. ಈ ತಿಳಿವು ನಮ್ಮ ನಾಡಿಗೆ ಹಳೆಯದು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಇಂದಿಗೂ ಇದೆ. ಆ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯುವ 'ಭೇರುಂಡ ಗಳೆ'ಯ ಹೆಸರು ಬರುತ್ತದೆ. ಗಳೆಗೆ ಹೆಸರಿದ್ದರೆ, ಯಾವ ಗಳೆಯಿಂದ ಅಳೆದೆ ಎಂದು ರೈತ ಕೇಳಬಹುದು. ನಮ್ಮ ಅಪ್ಪನ ಗಜದ ಕಡ್ಡಿಯ ಮೇಲೂ ಸರ್ಕಾರದ ಮುದ್ರೆ ಇತ್ತು. ಸಂತೆಯ ತಕ್ಕಡಿಗೆ ಮುದ್ರೆಯಿಲ್ಲದಿದ್ದರೆ ದಂಡ ಹಾಕುತ್ತಾರೆ. ಹೆಣ್ಣುಮಕ್ಕಳ ಬಟ್ಟೆಯ ಅಂಕಿಗೆ ಮಾತ್ರ ಯಾವ ಮುದ್ರೆಯೂ ಇಲ್ಲ.

ಏನೂ ಆಗಿಲ್ಲ ಎನ್ನುವಂತೆಯೂ ಇಲ್ಲ. ಭಾರತೀಯರ ಮೈಕಟ್ಟಿಗೆ ನಮ್ಮದೇ ಅಳತೆಪಟ್ಟಿ ಬೇಕೆಂದು 2018ರಲ್ಲಿ ಕೇಂದ್ರದ ಜವಳಿ ಇಲಾಖೆ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಒಂದು ಯೋಜನೆ ಪ್ರಕಟಿಸಿದವು. ದೇಶದ ಆರು ನಗರಗಳಲ್ಲಿ 25,000 ಗಂಡಸರು, ಹೆಂಗಸರನ್ನು ಮೈ ಮುಟ್ಟದೆ, ಸ್ಕ್ಯಾನರ್ ಯಂತ್ರದಿಂದ ಅಳೆಯುವ ಯೋಜನೆ ಅದು. ಮೈ ಮುಟ್ಟದೆ ಎಂದು ಓದಿದಾಗ ನನಗೆ ನಮ್ಮೂರ ದರ್ಜಿಯೇ ನೆನಪಾದ! 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ, ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಎಸ್, ಎಂ, ಎಲ್ ಎಂಬ ಅಕ್ಷರಗಳ ಜೊತೆಗೆ ಸೆಂಟಿಮೀಟರಿನ ಲೆಕ್ಕವನ್ನೂ ಕೊಡಬೇಕೆಂದು ನಿಯಮ ಮಾಡಿತು. ಅಕ್ಷರವನ್ನು ಎತ್ತ ಬೇಕಾದರೂ ಎಳೆಯಬಹುದು, ಸೆಂಟಿಮೀಟರನ್ನು ಹಾಗೆ ಎಳೆಯಲಾಗದು. ಅದು ಎಲ್ಲರ ಕಣ್ಣೆದುರಿನ ಕೈ. ಆದರೆ ಅಂಗಡಿಯಲ್ಲಿ ಅದನ್ನು ಓದುವವರು ಬೇಕು, ಅಳೆದು ನೋಡಿ ಕೇಳುವವರು ಬೇಕು.

ಹುಡುಗಿ ಹಾಸ್ಟೆಲ್ಲಿಗೆ ಹೊರಡುವ ಬೆಳಿಗ್ಗೆ ಅವ್ವನ ಟ್ರಂಕು ತೆಗೆದು ತೋರಿಸಿದೆ. ಅವ್ವ ಹೋದ ಮೇಲೆ ದರ್ಜಿ ತಾನೇ ತಂದುಕೊಟ್ಟ ಅಳತೆ ಕುಪ್ಪಸ ಅಲ್ಲಿತ್ತು. ಒಳಮಗ್ಗುಲಲ್ಲಿ ಬಿಚ್ಚಿ ಬಿಚ್ಚಿ ಹೊಲಿದ ಗುರುತು, ಒಂದರ ಪಕ್ಕ ಒಂದು, ಮೂರು ಸಾಲು. ಅವಳು ಬೆರಳಾಡಿಸಿ ಎಣಿಸಿದಳು. "ಅಜ್ಜಿ ಮೂರು ಸಲ ದಪ್ಪ ಆಗಿದ್ರಾ ಅತ್ತೆ?" ಅಂದಳು. "ಮೂರು ಸಲ ಕುಪ್ಪಸ ದೊಡ್ಡದಾಯ್ತು ಅಷ್ಟೇ ಕಣೇ" ಅಂದೆ.

ಬೆಳಗಿನ ರೊಟ್ಟಿ ಎರಡು ತಿಂದಳು, ಮೂರನೆಯದಕ್ಕೂ ಕೈ ಚಾಚಿದಳು. ಬಸ್ಸು ಹೋದ ಮೇಲೆ ನೋಡಿದರೆ, ಗೂಟಕ್ಕೆ ನೇತುಹಾಕಿದ್ದ ಟೇಪು ಇರಲಿಲ್ಲ.