ಕೋಟೆಯಿಂದ ಸೆರೆಮನೆಯವರೆಗೆ: ಬೆಂಗಳೂರಿನ ರಾಜಕೀಯ ಚರಿತ್ರೆಯ ಒಂದು ಕಾಲ್ನಡಿಗೆಯ ಯೋಜನೆ

ಚರಿತ್ರೆಯನ್ನು ಓದುವುದು ಒಂದು ಬಗೆ. ಚರಿತ್ರೆ ನಡೆದ ನೆಲವನ್ನು ತುಳಿದು ನೋಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ದೊರೆತಿರುವ ಸ್ಥಾನ ಅಲ್ಪವೆಂದೇ ಹೇಳಬೇಕು. ವರ್ಷಕ್ಕೊಮ್ಮೆ ಏರ್ಪಡುವ ಪ್ರವಾಸಗಳು ಬಹುಮಟ್ಟಿಗೆ ಹಳೆಯ ದೇವಾಲಯಗಳನ್ನೂ ಶಾಸನಗಳನ್ನೂ ಅರಸಿ ಹೋಗುತ್ತವೆ. ಅದು ಸಾಧುವಾದದ್ದೇ. ಆದರೆ ಕಳೆದ ಎರಡು ಶತಮಾನಗಳಲ್ಲಿ ಈ ನಾಡಿನ ಪ್ರಜೆ ಯಾರ ಆಳಿಕೆಗೆ ಒಳಗಾಗಿದ್ದನು, ಯಾವ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತನು, ಯಾವ ಚೌಕದಲ್ಲಿ ಗುಂಡಿಗೆ ಎದೆಯೊಡ್ಡಿದನು ಎಂಬ ವಿಷಯಗಳಿಗೂ ನೆಲದ ಸಾಕ್ಷ್ಯವಿದೆ. ತುಮಕೂರು, ಗುಬ್ಬಿ, ಕುಣಿಗಲ್ಲು ಹಾಗೂ ಊರ್ಡಿಗೆರೆಯಂತಹ ಹೋಬಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಬೆಂಗಳೂರು ಸುಮಾರು ಎಪ್ಪತ್ತು ಕಿಲೋಮೀಟರುಗಳ ದೂರದಲ್ಲಿದೆ. ಬೆಳಗಿನ ರೈಲಿನಲ್ಲಿ ಹೊರಟು ಸಂಜೆಗೆ ಮರಳಬಹುದಾದ ಒಂದು ದಿನದ ಕಾಲ್ನಡಿಗೆಯನ್ನು ಅಲ್ಲಿ ಹೇಗೆ ರಚಿಸಬೇಕು, ಏಕೆ ಹಾಗೆಯೇ ರಚಿಸಬೇಕು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ತಾಣಗಳ ಆಯ್ಕೆಯ ಪ್ರಶ್ನೆ. ನಗರದಲ್ಲಿ ಪ್ರತಿಮೆಗಳಿಗೂ ಫಲಕಗಳಿಗೂ ಕೊರತೆಯಿಲ್ಲ. ಅವುಗಳನ್ನೆಲ್ಲ ಸುತ್ತಿದರೆ ಕಾಲು ಸೋಲುವುದೇ ಹೊರತು ಅರಿವು ಬೆಳೆಯದು. ಆದುದರಿಂದ ಪ್ರತಿಯೊಂದು ತಾಣಕ್ಕೂ ಎರಡು ಪ್ರಶ್ನೆಗಳನ್ನು ಹಾಕುವುದು ಯುಕ್ತವೆಂದು ತೋರುತ್ತದೆ: ಇಲ್ಲಿ ಅಧಿಕಾರ ಎಲ್ಲಿ ಕುಳಿತಿತ್ತು? ಪ್ರಜೆ ಎಲ್ಲಿ ನಿಂತಿದ್ದನು? ಈ ಎರಡರಲ್ಲಿ ಒಂದಕ್ಕಾದರೂ ಸ್ಪಷ್ಟವಾದ ಉತ್ತರ ಕೊಡದ ತಾಣವನ್ನು, ಅದು ಎಷ್ಟೇ ರಮ್ಯವಾಗಿದ್ದರೂ, ಕೈಬಿಡತಕ್ಕದ್ದು. ಈ ಒರೆಗಲ್ಲಿಗೆ ಹಚ್ಚಿದಾಗ ಏಳು ತಾಣಗಳು ಉಳಿಯುತ್ತವೆ. ಅವೆಲ್ಲವೂ ಸುಮಾರು ಆರೇಳು ಕಿಲೋಮೀಟರುಗಳ ಒಂದೇ ಸುತ್ತಿನಲ್ಲಿ ಅಡಕವಾಗಿವೆ.

ನಡಿಗೆ ಕೋಟೆಯಿಂದ ಆರಂಭವಾಗಬೇಕು. ಕೆಂಪೇಗೌಡನ ಕಾಲದ ಮಣ್ಣಿನ ಕೋಟೆಯ ಎಡೆಯಲ್ಲಿ ಹೈದರಾಲಿಯು ಕಲ್ಲಿನ ಕೋಟೆಯನ್ನು ಕಟ್ಟಿಸಿದನು. ೧೭೯೧ರ ಮಾರ್ಚಿ ೭ರಂದು ಪೇಟೆಯನ್ನೂ ೨೧ರಂದು ಕೋಟೆಯನ್ನೂ ಕಾರ್ನ್‌ವಾಲಿಸನ ಸೇನೆ ವಶಪಡಿಸಿಕೊಂಡಿತು. ಕೋಟೆಯನ್ನು ಎಲ್ಲಿ ಒಡೆದು ಒಳನುಗ್ಗಿದರೆಂಬುದನ್ನು ತಿಳಿಸುವ ಫಲಕವೊಂದು ಗೋಡೆಯಲ್ಲಿದೆ. ಅದನ್ನು ನಿಲ್ಲಿಸಿದವರು ಗೆದ್ದವರು. ಸೋತವರ ಕಡೆ ಸತ್ತವರಿಗೆ ಅಲ್ಲಿ ಮಾತಿಲ್ಲ. ಫಲಕವೂ ಒಂದು ದಾಖಲೆಯೇ, ಆದ್ದರಿಂದ ಅದನ್ನು ಬರೆಸಿದವರು ಯಾರೆಂದು ಕೇಳಬೇಕು ಎಂಬ ಮೊದಲ ಪಾಠವನ್ನು ವಿದ್ಯಾರ್ಥಿಗಳಿಗೆ ಇಲ್ಲಿಯೇ ಹೇಳಬಹುದು.

ಕೋಟೆಯ ಪಕ್ಕದ ಟಿಪ್ಪುವಿನ ಅರಮನೆಯನ್ನು ಸಾಮಾನ್ಯವಾಗಿ ಅದರ ಮರದ ಕಂಬಗಳ ಸೊಬಗಿಗಾಗಿ ತೋರಿಸುವುದು ರೂಢಿ. ನಮ್ಮ ನಡಿಗೆಗೆ ಅದರ ಮಹತ್ವ ಬೇರೆ. ನಗರದ ದಂಗೆಯ ಬಳಿಕ ೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡರಷ್ಟೆ. (ಇಲ್ಲಿ ನಗರವೆಂದರೆ ಮಲೆನಾಡಿನ ನಗರ ಪ್ರಾಂತ, ಬೆಂಗಳೂರಲ್ಲ.) ಆಗ ಆಡಳಿತದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂದಿತು, ಕಮಿಷನರರ ಕಚೇರಿ ೧೮೬೮ರವರೆಗೂ ಈ ಅರಮನೆಯಲ್ಲೇ ನಡೆಯಿತು. ಆ ಕಾಲದಲ್ಲಿ ಸಂಸ್ಥಾನವನ್ನು ವಿಂಗಡಿಸಿದ್ದ ನಾಲ್ಕು ವಿಭಾಗಗಳಲ್ಲಿ ಚಿತ್ರದುರ್ಗ ವಿಭಾಗವೂ ಒಂದು. ಅದರ ಮುಖ್ಯಸ್ಥಾನ ತುಮಕೂರು. ಅಲ್ಲಿ ಸುಮಾರು ಕಾಲು ಶತಮಾನ ಅಧಿಕಾರಿಯಾಗಿದ್ದ ಡಾಬ್ಸ್ ಎಂಬವನ ಹೆಸರು ನಮ್ಮ ದಾರಿಯ ಡಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ತುಮಕೂರಿನ ಆ ಕಚೇರಿಗೆ ಅಪ್ಪಣೆಗಳು ಹೊರಡುತ್ತಿದ್ದುದು ಈ ಮರದ ಕಂಬಗಳ ನಡುವಿನಿಂದ. ಊರ್ಡಿಗೆರೆಯ ರೈತನ ಕಂದಾಯದ ವಿಷಯ ಮೇಲಕ್ಕೇರಿದರೆ ತಲಪುತ್ತಿದ್ದ ಕೊನೆಯ ಮೆಟ್ಟಿಲುಗಳಲ್ಲಿ ಇದೂ ಒಂದು. ತಮ್ಮ ಊರಿಗೂ ಈ ಕಟ್ಟಡಕ್ಕೂ ಇರುವ ಈ ನಂಟನ್ನು ತಿಳಿದ ವಿದ್ಯಾರ್ಥಿ ಮುಂದಿನ ದಾರಿಯನ್ನು ಪರಕೀಯನಂತೆ ನಡೆಯಲಾರನು.

ಎರಡನೆಯ ತಾಣ, ನಗರಸಭೆಯ ಕಚೇರಿಗೆ ಸಮೀಪದ ಬನ್ನಪ್ಪ ಪಾರ್ಕು. ನೋಡಲು ಇಲ್ಲಿ ಏನೂ ಇಲ್ಲವೆಂದೇ ಹೇಳಬೇಕು. ಆದರೆ ೧೯೩೦ರ ದಶಕದಲ್ಲಿ ಮೈಸೂರು ಕಾಂಗ್ರೆಸ್ಸಿನ ಬಹಿರಂಗ ಸಭೆಗಳು ಸೇರುತ್ತಿದ್ದ ಬಯಲು ಇದು. ಭಾಷಣಕ್ಕೂ ಧ್ವಜಕ್ಕೂ ಸರ್ಕಾರ ವಿಧಿಸಿದ ನಿಷೇಧಗಳು ೧೯೩೮ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೂ, ಅದೇ ತಿಂಗಳ ೨೫ರಂದು ವಿದುರಾಶ್ವತ್ಥದ ಗೋಲೀಬಾರಿಗೂ ದಾರಿಯಾದುವು. ಆ ದೊಡ್ಡ ಘಟನೆಗಳ ಹಿನ್ನೆಲೆಯನ್ನು ವಿವರಿಸಲು ಇಂತಹ ಚಿಕ್ಕ ಬಯಲಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಕಟ್ಟಡವಿಲ್ಲದ ತಾಣವೂ ತಾಣವೇ. ಪ್ರಜೆ ಬಹುಪಾಲು ಕಟ್ಟಡಗಳ ಹೊರಗೆ ನಿಂತವನಾದುದರಿಂದ ಅವನ ಚರಿತ್ರೆಯನ್ನು ಬಯಲಿನಲ್ಲಿಯೇ ಹುಡುಕಬೇಕಾಗುತ್ತದೆ.

ಇಲ್ಲಿಂದ ಕಬ್ಬನ್ ಪಾರ್ಕನ್ನು ಹಾಯ್ದು ಅದರ ಪೂರ್ವದ ಅಂಚಿನ ವಿಕ್ಟೋರಿಯಾ ರಾಣಿಯ ಪ್ರತಿಮೆಯವರೆಗೆ ಹೋಗಬೇಕು. ೧೯೦೬ರಲ್ಲಿ ಅನಾವರಣಗೊಂಡ ಈ ಪ್ರತಿಮೆಗಿಂತ ಅದು ನಿಂತಿರುವ ಎಡೆ ಮುಖ್ಯವಾದದ್ದು. ೧೮೮೧ರ ಮಾರ್ಚಿ ೨೫ರಂದು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ದಂಡು ಪ್ರದೇಶವನ್ನು ಇಂಗ್ಲಿಷರು ತಮ್ಮಲ್ಲಿಯೇ ಉಳಿಸಿಕೊಂಡರು. ಅಂದಿನಿಂದ ೧೯೪೭ರವರೆಗೆ ಬೆಂಗಳೂರು ಒಂದು ಊರಾಗಿರದೆ ಎರಡಾಗಿತ್ತು: ಪಶ್ಚಿಮಕ್ಕೆ ಮಹಾರಾಜರ ಆಡಳಿತದ ಪೇಟೆ, ಪೂರ್ವಕ್ಕೆ ರೆಸಿಡೆಂಟನ ಅಧೀನದ ದಂಡು. ನಡುವೆ ಈ ತೋಟ. ಪೋಲೀಸು, ನ್ಯಾಯಾಲಯ, ಪುರಸಭೆ ಎಲ್ಲವೂ ಬೇರೆ ಬೇರೆ. ಎರಡು ಪುರಸಭೆಗಳು ಒಂದೇ ಕಾರ್ಪೊರೇಷನ್ನಾಗಿ ಕೂಡಿದ್ದು ೧೯೪೯ರಲ್ಲಿ. ಇಂದು ಗಡಿಯ ಗುರುತು ಕಣ್ಣಿಗೆ ಬೀಳದು; ಅದನ್ನು ಕಾಲಿನಿಂದಲೇ ದಾಟಿಸಿ ತೋರಿಸಬೇಕು. ಮೈಸೂರು ಸಂಸ್ಥಾನದ ಸ್ವಾತಂತ್ರ್ಯ ಚಳವಳಿ ಬ್ರಿಟಿಷ್ ಇಂಡಿಯದ ಚಳವಳಿಯ ನೆರಳಾಗಿರಲಿಲ್ಲ, ಅದಕ್ಕೆ ಎದುರಾಗಿದ್ದುದು ಮಹಾರಾಜರ ಹೆಸರಿನಲ್ಲಿ ದಿವಾನರು ನಡೆಸುತ್ತಿದ್ದ ಸರ್ಕಾರ ಎಂಬ ಸೂಕ್ಷ್ಮ ಈ ಸ್ಥಳದಲ್ಲಿ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ.

ತೋಟದ ಪಶ್ಚಿಮದ ಮಗ್ಗುಲಿಗೆ ಮರಳಿದರೆ ಅಠಾರಾ ಕಚೇರಿ. ೧೮೬೪ರಿಂದ ೧೮೬೮ರವರೆಗೆ ನಿರ್ಮಾಣವಾದ ಈ ಕೆಂಪು ಕಟ್ಟಡಕ್ಕೆ ಹದಿನೆಂಟು ಇಲಾಖೆಗಳಿಂದ ಆ ಹೆಸರು ಬಂದಿತು. ಟಿಪ್ಪುವಿನ ಅರಮನೆಯಿಂದ ಕಚೇರಿ ಇಲ್ಲಿಗೆ ಬಂದುದು ಕೇವಲ ಸ್ಥಳಾಂತರವಲ್ಲ. ಕೋಟೆಯ ಒಳಗಿನಿಂದ ತೆರೆದ ತೋಟದ ಅಂಚಿಗೆ ಅಧಿಕಾರ ಬಂದು ಕುಳಿತಿತೆಂದರೆ ಅದು ಇನ್ನು ಮುತ್ತಿಗೆಗೆ ಅಂಜುತ್ತಿರಲಿಲ್ಲವೆಂದೇ ಅರ್ಥ. ಇಲ್ಲಿಯೇ ಒಂದು ಕೊರತೆಯನ್ನು ಮಾರ್ಗದರ್ಶಕನು ಹೇಳಿಬಿಡಬೇಕು. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ ಸೇರುತ್ತಿದ್ದುದು ದಸರೆಯ ಸಮಯದಲ್ಲಿ, ಮೈಸೂರಿನಲ್ಲಿ. ಜಿಲ್ಲೆಗಳ ಪ್ರತಿನಿಧಿಗಳು ದೂರುಗಳನ್ನು ಹೊತ್ತು ಅಲ್ಲಿಗೆ ಹೋಗುತ್ತಿದ್ದರು. ಆದುದರಿಂದ ಪ್ರಾತಿನಿಧ್ಯದ ಚರಿತ್ರೆಯ ಮೊದಲ ಅಧ್ಯಾಯವನ್ನು ಬೆಂಗಳೂರಿನ ಯಾವ ಕಲ್ಲೂ ಹೇಳಲಾರದು. ಒಂದು ನಗರದ ನಡಿಗೆ ಒಂದು ನಾಡಿನ ಚರಿತ್ರೆಯೆಂದು ಭ್ರಮಿಸಲಾಗದು.

ಅಠಾರಾ ಕಚೇರಿ ಈಗ ಉಚ್ಚ ನ್ಯಾಯಾಲಯ. ೧೯೮೦ರ ದಶಕದ ಆದಿಯಲ್ಲಿ ಇದನ್ನು ಕೆಡವುವ ಪ್ರಸ್ತಾಪ ಬಂದು, ನಾಗರಿಕರ ವಿರೋಧದಿಂದ ನಿಂತಿತು. ಇದರ ಮುಂದೆ ಬಹುಕಾಲ ನಿಂತಿದ್ದ ಕಮಿಷನರ್ ಕಬ್ಬನ್ನನ ಪ್ರತಿಮೆಯನ್ನು ೨೦೨೦ರಲ್ಲಿ ತೋಟದ ಒಳಗಡೆಗೆ ಸಾಗಿಸಲಾಯಿತು. ಅದನ್ನು ಕೆಡವಲಿಲ್ಲ, ಎದುರಿಗೂ ಇರಗೊಡಲಿಲ್ಲ, ಹಿಂದಕ್ಕೆ ಸರಿಸಿದರು. ಹಳೆಯ ಆಳಿಕೆಯನ್ನು ಹೇಗೆ ನೆನೆಯಬೇಕೆಂಬ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಎದುರಿಗೇ ವಿಧಾನಸೌಧ. ೧೯೫೧ರ ಜುಲೈ ೧೩ರಂದು ಜವಾಹರಲಾಲ್ ನೆಹರೂ ಅಸ್ತಿಭಾರ ಹಾಕಿದರು. ಆಗ ಮುಖ್ಯಮಂತ್ರಿಗಳಾಗಿದ್ದವರು ಕೆ. ಸಿ. ರೆಡ್ಡಿ. ಅನಂತರ ಬಂದ ಕೆಂಗಲ್ ಹನುಮಂತಯ್ಯನವರು ಯೋಜನೆಯನ್ನು ಹಿಗ್ಗಿಸಿ, ದ್ರಾವಿಡ ಶೈಲಿಯ ಭವ್ಯರೂಪವನ್ನು ಕೊಟ್ಟು, ೧೯೫೬ರ ಹೊತ್ತಿಗೆ ಪೂರ್ಣಗೊಳಿಸಿದರು. ಸಚಿವಾಲಯವೂ ಶಾಸನಸಭೆಯೂ ಎದುರಿನ ಕೆಂಪು ಕಟ್ಟಡದಿಂದ ರಸ್ತೆ ದಾಟಿ ಇಲ್ಲಿಗೆ ಬಂದುವು. ಹೊಸದು ಹಳೆಯದಕ್ಕೆ ಮುಖಾಮುಖಿಯಾಗಿ, ಅದಕ್ಕಿಂತ ಎತ್ತರವಾಗಿ ನಿಂತಿರುವುದು ಆಕಸ್ಮಿಕವಲ್ಲ. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಸಾರುವ ಮುಂಬಾಗಿಲ ಬರಹವನ್ನು ಎಲ್ಲರೂ ಬಲ್ಲರು. ಇದರ ನಿರ್ಮಾಣದಲ್ಲಿ ಸೆರೆಯಾಳುಗಳ ದುಡಿಮೆಯೂ ಸೇರಿತ್ತೆಂಬ ಪ್ರಸಿದ್ಧ ಹೇಳಿಕೆಯನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ನಡಿಗೆಯ ಕೊನೆಯ ತಾಣಕ್ಕೆ ಅದು ಪೀಠಿಕೆ. ವಿಧಾನಸೌಧದ ಒಳಾಂಗಣಕ್ಕೆ ೨೦೨೫ರಲ್ಲಿ ಪ್ರವಾಸೋದ್ಯಮ ಇಲಾಖೆಯ ಮಾರ್ಗದರ್ಶಿತ ನಡಿಗೆ ಆರಂಭವಾಗಿರುವುದು ಸಂತೋಷದ ಸಂಗತಿ. ಆದರೆ ಒಳಗನ್ನು ಮಾತ್ರ ನೋಡಿದವನಿಗೆ ಅರ್ಧ ಕಥೆ ತಿಳಿಯುವುದು.

ಆರನೆಯ ತಾಣ ಮೈಸೂರು ಬ್ಯಾಂಕ್ ಚೌಕ. ೧೯೧೩ರಲ್ಲಿ ಸ್ಥಾಪಿತವಾದ ಆ ಬ್ಯಾಂಕು ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಜನರ ಬಾಯಲ್ಲಿ ಚೌಕದ ಹೆಸರು ಮಾತ್ರ ಉಳಿದಿದೆ. ಸಮೀಪದಲ್ಲಿಯೇ ಸೆಂಟ್ರಲ್ ಕಾಲೇಜು. ೧೯೪೨ರ ಚಳವಳಿಯಲ್ಲಿ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಈ ಬೀದಿಗಳಿಗೆ ಇಳಿದರು. ಗೋಲೀಬಾರಿನಲ್ಲಿ ಮಡಿದವರ ಸ್ಮಾರಕ ಚೌಕದಲ್ಲಿದೆ. ವಾಹನಗಳ ಸಂದಣಿಯಲ್ಲಿ ಅದರ ಮುಂದೆ ಎರಡು ನಿಮಿಷ ನಿಲ್ಲುವುದೂ ಕಷ್ಟ. ಆದರೂ ನಿಲ್ಲಲೇಬೇಕು, ಏಕೆಂದರೆ ಸತ್ತವರು ನಮ್ಮ ವಿದ್ಯಾರ್ಥಿಗಳ ವಯಸ್ಸಿನವರು. ಐದು ವರ್ಷಗಳ ಬಳಿಕ, ೧೯೪೭ರ ಸೆಪ್ಟೆಂಬರಿನಲ್ಲಿ, ದೇಶವೆಲ್ಲ ಸ್ವತಂತ್ರವಾಗಿದ್ದಾಗ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಹೂಡಬೇಕಾಯಿತು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ನಮ್ಮ ನಾಡಿನ ಮಟ್ಟಿಗೆ ಆಗಸ್ಟ್ ೧೫ರ ಜೊತೆಗೆ ಈ ಅಕ್ಟೋಬರನ್ನೂ ನೆನೆಯಬೇಕೆಂಬುದು ಪಠ್ಯಪುಸ್ತಕಗಳಲ್ಲಿ ಒತ್ತಿ ಹೇಳದ ಮಾತು.

ಕೊನೆಯದಾಗಿ, ಹಳೆಯ ಸೆಂಟ್ರಲ್ ಜೈಲು. ೧೮೬೦ರ ದಶಕದ ಈ ಸೆರೆಮನೆ ಅಠಾರಾ ಕಚೇರಿಯ ಸಮಕಾಲೀನ. ಆಳುವ ಕಟ್ಟಡವೂ ಬಂಧಿಸುವ ಕಟ್ಟಡವೂ ಒಂದೇ ದಶಕದಲ್ಲಿ, ಒಂದೆರಡು ಕಿಲೋಮೀಟರುಗಳ ಅಂತರದಲ್ಲಿ ಎದ್ದುವು. ಸ್ವಾತಂತ್ರ್ಯದೊಡನೆ ಇದರ ರಾಜಕೀಯ ಚರಿತ್ರೆ ಮುಗಿಯಲಿಲ್ಲ. ೧೯೭೫ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಸಂಸತ್ತಿನ ಸಮಿತಿಯೊಂದರ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಇಲ್ಲಿ ಇರಿಸಲಾಯಿತು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ೧೯೭೬ರಲ್ಲಿ ಸೆರೆಯಾದರು. ಉಬ್ಬಸದ ರೋಗಿಯಾಗಿದ್ದ ಅವರನ್ನು ೧೯೭೭ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಪ್ರಧಾನಿಯಾದವರ ಹೆಸರು ಎಲ್ಲರಿಗೂ ತಿಳಿದಿದೆ. ಮಾರ್ಗದರ್ಶಕನು ಎರಡನೆಯ ಹೆಸರನ್ನೂ ಅಷ್ಟೇ ಸ್ಪಷ್ಟವಾಗಿ ಉಚ್ಚರಿಸಬೇಕು. ಈ ಇಡೀ ದಾರಿಯಲ್ಲಿ ಹೆಂಗಸೊಬ್ಬಳ ಹೆಸರು, ರಾಣಿಯದನ್ನು ಬಿಟ್ಟರೆ, ಬರುವುದು ಇಲ್ಲಿ ಮಾತ್ರ ಎಂಬುದು ತಾಣಗಳ ದೋಷವಷ್ಟೇ ಅಲ್ಲ, ನಮ್ಮ ಸ್ಮಾರಕಗಳ ಸ್ವಭಾವದ ಸೂಚಕವೂ ಹೌದು.

ಸೆರೆಮನೆ ಪರಪ್ಪನ ಅಗ್ರಹಾರಕ್ಕೆ ಹೋದಮೇಲೆ ೨೦೦೮ರಲ್ಲಿ ಈ ಜಾಗ ಸ್ವಾತಂತ್ರ್ಯ ಉದ್ಯಾನವಾಯಿತು. ಕಾವಲು ಗೋಪುರವನ್ನು ಉಳಿಸಿಕೊಳ್ಳಲಾಗಿದೆ. ಧರಣಿಗಳಿಗೂ ಪ್ರತಿಭಟನೆಗಳಿಗೂ ಇಲ್ಲಿಯೇ ಒಂದು ಭಾಗವನ್ನು ಬಿಟ್ಟುಕೊಟ್ಟರು. ೨೦೨೧ರ ಪೋಲೀಸು ಆದೇಶವು ನಗರದ ಪ್ರತಿಭಟನೆಗಳನ್ನು ಈ ಉದ್ಯಾನಕ್ಕೇ ಸೀಮಿತಗೊಳಿಸಿತು. ಸಂಚಾರಕ್ಕೆ ತೊಂದರೆಯಾಗಬಾರದೆಂಬ ಕಾರಣ ಅಲ್ಲಗಳೆಯುವಂಥದಲ್ಲ. ಆಸ್ಪತ್ರೆಗೆ ಹೋಗುವ ವಾಹನವನ್ನು ಮೆರವಣಿಗೆ ತಡೆಯಬಾರದು ನಿಜ. ಆದರೆ ನಾವು ನಡೆದು ಬಂದ ದಾರಿಯನ್ನು ಹಿಂದಿರುಗಿ ನೋಡಿದರೆ ಬೇರೊಂದು ವಿಚಾರವೂ ಏಳುತ್ತದೆ. ಬನ್ನಪ್ಪ ಪಾರ್ಕು ಸರ್ಕಾರ ಗೊತ್ತುಮಾಡಿಕೊಟ್ಟ ಪ್ರತಿಭಟನಾಸ್ಥಳವಾಗಿರಲಿಲ್ಲ. ಬ್ಯಾಂಕ್ ಚೌಕವೂ ಆಗಿರಲಿಲ್ಲ. ಪ್ರಜೆ ಅಧಿಕಾರದ ಕಣ್ಣಿಗೆ ಬೀಳುವೆಡೆ ತಾನಾಗಿ ಹೋಗಿ ನಿಂತಿದ್ದನು. ಆ ಕಾರಣದಿಂದಲೇ ಆ ಎಡೆಗಳು ಚರಿತ್ರೆಗೆ ಸೇರಿದುವು. ಹಿಂದೆ ಪ್ರತಿಭಟಿಸಿದವನನ್ನು ಕೂಡಿಹಾಕುತ್ತಿದ್ದ ಆವರಣದಲ್ಲಿಯೇ ಇಂದು ಪ್ರತಿಭಟನೆಗೆ ಎಡೆ ದೊರೆತಿರುವುದನ್ನು ಮುನ್ನಡೆಯೆಂದು ಎಣಿಸಬೇಕೋ ಇಕ್ಕಟ್ಟೆಂದು ಎಣಿಸಬೇಕೋ ಎಂಬುದನ್ನು ಮಾರ್ಗದರ್ಶಕನು ತಾನೇ ತೀರ್ಮಾನಿಸಿ ಹೇಳಬಾರದು. ಪ್ರಶ್ನೆಯನ್ನು ಇಟ್ಟು, ವಿದ್ಯಾರ್ಥಿಗಳು ಆಡಿಕೊಳ್ಳಲು ಅರ್ಧ ಗಂಟೆಯನ್ನು ಬಿಡಬೇಕು.

ಇನ್ನು ವ್ಯವಸ್ಥೆಯ ಕೆಲವು ಮಾತುಗಳು. ಈ ಕ್ರಮ ಕಾಲಾನುಕ್ರಮವಲ್ಲ. ೧೯೫೬ರಿಂದ ೧೯೪೨ಕ್ಕೆ ಹಿಂದೆ ಸರಿಯಬೇಕಾಗುತ್ತದೆ. ಹೊರಡುವ ಮುನ್ನ ತರಗತಿಯಲ್ಲಿ ಒಂದು ಕಾಲಪಟ್ಟಿಯನ್ನು ಬರೆಯಿಸಿ ಕೈಗೆ ಕೊಟ್ಟರೆ ಈ ತೊಡಕು ನೀಗುತ್ತದೆ. ಗುಂಪು ಇಪ್ಪತ್ತೈದು ಮಂದಿಯನ್ನು ಮೀರಬಾರದು; ಮೀರಿದರೆ ಚೌಕಗಳಲ್ಲಿ ಮಾತು ಕೇಳಿಸದು. ಮಳೆಗಾಲವೂ ಬೇಸಗೆಯೂ ತಪ್ಪಿ, ನವೆಂಬರಿನಿಂದ ಫೆಬ್ರವರಿಯವರೆಗಿನ ಒಂದು ಭಾನುವಾರ ಉಚಿತ. ಪ್ರತಿ ತಾಣದಲ್ಲೂ ಅಧ್ಯಾಪಕನ ಬದಲು, ಮೊದಲೇ ಓದಿ ಸಿದ್ಧನಾದ ಒಬ್ಬ ವಿದ್ಯಾರ್ಥಿ ಹತ್ತು ನಿಮಿಷ ಮಾತನಾಡತಕ್ಕದ್ದು. ಕೊನೆಯ ತಾಣದಿಂದ ರೈಲು ನಿಲ್ದಾಣ ಕಾಲ್ನಡಿಗೆಯ ಅಂತರದಲ್ಲಿಯೇ ಇದೆ.

ಇಂತಹ ನಡಿಗೆಯ ಫಲವನ್ನು ಪರೀಕ್ಷೆಯ ಅಂಕಗಳಲ್ಲಿ ಅಳೆಯುವುದು ಸಾಧ್ಯವಿಲ್ಲ. ಆದರೆ ಇದನ್ನು ಮುಗಿಸಿದ ವಿದ್ಯಾರ್ಥಿ ತನ್ನ ಊರಿಗೆ ಮರಳಿ, ಅಲ್ಲಿನ ತಾಲ್ಲೂಕು ಕಚೇರಿಯನ್ನೂ ಸಂತೆಯ ಬಯಲನ್ನೂ ಪೋಲೀಸು ಠಾಣೆಯನ್ನೂ ನೋಡಿ ಅದೇ ಎರಡು ಪ್ರಶ್ನೆಗಳನ್ನು ಕೇಳಲಾರಂಭಿಸಿದರೆ, ತುಮಕೂರು ಜಿಲ್ಲೆಯ ರಾಜಕೀಯ ತಾಣಗಳ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಗಳು ದೊರೆತಂತಾಗುತ್ತದೆ. ಆ ಕೆಲಸ ಬೇಗನೆ ಆರಂಭವಾಗುವುದು ಅವಶ್ಯ. ಬಯಲುಗಳು ಕಟ್ಟಡಗಳಾಗುತ್ತಿವೆ, ಕಂಡವರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.